ವಂಶವೃಕ್ಷದಲ್ಲಿ ಇಲ್ಲದ ಅತ್ತೆ

ಅಕ್ಕನ ಎರಡನೇ ರಿಪೋರ್ಟ್ ವಾಟ್ಸಾಪ್‌ನಲ್ಲಿ ಬಂದಾಗ ಮೊದಲು ಓದಿದ್ದು ಭಾವ. ಮೂರು ಸಾಲು, ಮೂರರ ಮುಂದೆಯೂ ನೆಗೆಟಿವ್. ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-ಟು ನೆಗೆಟಿವ್. ಕೊರೊನಾ ದಾಟಿ ಬಂದ ನಮಗೆಲ್ಲ ನೆಗೆಟಿವ್ ಅಂದರೆ ಒಳ್ಳೆಯದು ಅಂತ ತಾನೇ ಗೊತ್ತಿರುವುದು? ಹತ್ತು ದಿನದ ಹಿಂದಿನ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬರೆದದ್ದು ತಪ್ಪಿರಬೇಕು, ಇದೇ ಸರಿಯಾದದ್ದು ಅಂದುಕೊಂಡು ಭಾವ ಊರಿಗೆ ಫೋನ್ ಮಾಡಿದರು. ಅವ್ವ ಮನೆದೇವರಿಗೆ ಕಾಯಿ ಒಡೆಸಿದಳು. ನಾನು ತುಮಕೂರಿನ ರೂಮಿನಲ್ಲಿದ್ದೆ. ಪತ್ರಿಕೋದ್ಯಮ ಓದಿದವನು, ದಿನಕ್ಕೆ ನಾಲ್ಕು ಸುದ್ದಿ ಬರೆಯುವವನು, ನಾನೂ ಖುಷಿಪಟ್ಟೆ.

ಮಾರನೇ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮ ಮುಖ ನೋಡಿಯೇ ಏನಾಗಿದೆ ಅಂತ ಅರ್ಥ ಮಾಡಿಕೊಂಡರು. ಬಹಳ ಜನ ಹೀಗೇ ತಪ್ಪು ತಿಳಿಯುತ್ತಾರಂತೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು ನಿಧಾನವಾಗಿ ಹೇಳಿದರು.

ಸ್ತನ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಹೆಚ್ಚಿನವರ ಗಡ್ಡೆಯ ಕೋಶಗಳ ಒಳಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ಬಂದು ಕೂರುವುದಕ್ಕೆ ಜಾಗ ಇರುತ್ತದೆ. ಅದನ್ನು ರಿಸೆಪ್ಟರ್ ಅನ್ನುತ್ತಾರೆ. ಆ ಗಡ್ಡೆ ಹಾರ್ಮೋನನ್ನೇ ಉಂಡು ಬೆಳೆಯುತ್ತದೆ. ಹಾಗಾಗಿ ಹಾರ್ಮೋನು ಸಿಗದಂತೆ ಮಾಡುವ ಟಾಮಾಕ್ಸಿಫೆನ್‌ನಂಥ ಮಾತ್ರೆ ಕೆಲಸ ಮಾಡುತ್ತದೆ. ಇನ್ನು ಕೆಲವರ ಗಡ್ಡೆಯಲ್ಲಿ ಹರ್-ಟು ಅನ್ನುವ ಪ್ರೋಟೀನ್ ಜಾಸ್ತಿ ಇರುತ್ತದೆ, ಅದಕ್ಕೂ ಗುರಿಯಿಟ್ಟು ಹೊಡೆಯುವ ಇಂಜೆಕ್ಷನ್ ಇದೆ. ಅಕ್ಕನ ಗಡ್ಡೆಯಲ್ಲಿ ಮೂರೂ ಇಲ್ಲ. ಅಂದರೆ ಆ ಮಾತ್ರೆಯೂ ಹಿಡಿಯುವುದಿಲ್ಲ, ಆ ಇಂಜೆಕ್ಷನ್ನೂ ಹಿಡಿಯುವುದಿಲ್ಲ. ಇದು ಬೇಗ ಬೆಳೆಯುವ ಜಾತಿ. ಕೀಮೋಗೆ ಮಾತ್ರ ಚೆನ್ನಾಗಿ ಬಗ್ಗುವುದೂ ಉಂಟು.

ಅಕ್ಕನಿಗೆ ಆಗ 36. ಮಗು ಹಾಲು ಬಿಟ್ಟು ಐದಾರು ತಿಂಗಳಾಗಿತ್ತು. ನೋವಿಲ್ಲದ ಗಂಟು. ಹಾಲು ಕಟ್ಟಿಕೊಂಡಿದೆ, ಬಿಸಿ ನೀರಿನ ಶಾಖ ಕೊಡಿ ಅಂತ ಹತ್ತಿರದ ಡಾಕ್ಟರು ಹೇಳಿದರು. ಶಾಖ ಕೊಡುತ್ತಾ ನಾಲ್ಕು ತಿಂಗಳು ಹೋಯಿತು. ಈಗ ಆ ನಾಲ್ಕು ತಿಂಗಳನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಅಕ್ಕನಿಗೆ ಬರುವುದಿಲ್ಲ. ಅವಳು ಹಾಗೇ.

ಡಾಕ್ಟರಮ್ಮ ಆಮೇಲೆ ಒಂದು ಪ್ರಶ್ನೆ ಕೇಳಿದರು. ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತಾ?

ಅವ್ವ ತನ್ನ ತಾಯಿ, ಇಬ್ಬರು ಅಕ್ಕಂದಿರು, ಚಿಕ್ಕಮ್ಮ ಎಲ್ಲರನ್ನೂ ಎಣಿಸಿ ಇಲ್ಲ ಅಂದಳು. ಡಾಕ್ಟರಮ್ಮ ಅಪ್ಪನ ಕಡೆ ತಿರುಗಿದರು.

"ನಮ್ ಕಡೇದ್ ಯಾಕ್ ಮೇಡಂ? ಇದು ಹೆಂಗಸ್ರ ಕಾಯ್ಲೆ ಅಲ್ವಾ?" ಅಂದ ಅಪ್ಪ.

ನಿಮ್ಮ ಕಡೆಯಿಂದಲೂ ಅಷ್ಟೇ ಬರಬಹುದು ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ. ನಾವಿಬ್ರೇ ಗಂಡುಮಕ್ಳು" ಅಂತ ಹೇಳಿದ.

ಸಂಜೆ ಟ್ರೈನಿನಲ್ಲಿ ತಿಪಟೂರಿಗೆ ವಾಪಸು ಬರುವಾಗ ಅಪ್ಪ ಗುಬ್ಬಿ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ನೋಡುತ್ತಲೇ ಹೇಳಿದ, "ನಿಮ್ಮತ್ತೆ ಒಬ್ಳಿದ್ಲು."

ನನಗೆ ಅತ್ತೆ ಇದ್ದಳು ಅನ್ನುವುದು ಗೊತ್ತಿತ್ತು. ಎಷ್ಟು ಗೊತ್ತಿತ್ತು ಅಂದರೆ, ಅರಸೀಕೆರೆ ಕಡೆ ಕೊಟ್ಟಿದ್ದರು, ಬೇಗ ಸತ್ತಳು, ಅವರ ಮನೆಗೆ ನಮಗೆ ಹೋಗಿಬರುವುದಿಲ್ಲ. ಅಷ್ಟೇ. ಯಾಕೆ ಹೋಗಿಬರುವುದಿಲ್ಲ ಅಂತ ಕೇಳಿರಲಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಅಂತ ಮೂರು ವರ್ಷ ಕ್ಲಾಸಿನಲ್ಲಿ ಉರು ಹೊಡೆದು ಊರೂರು ತಿರುಗಿ ಕೇಳಿದವನು ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಅತ್ತೆ ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವಳು. 1996ರಲ್ಲಿ, 42 ವರ್ಷಕ್ಕೆ ಹೋದಳು. ಎರಡು ವರ್ಷ ಬಿಟ್ಟು ಅಜ್ಜ ತೀರಿಕೊಂಡ. ಜಮೀನು ಪೌತಿ ಖಾತೆ ಮಾಡಿಸಬೇಕಲ್ಲ, ಅದಕ್ಕೆ ವಂಶವೃಕ್ಷ ಬೇಕು. ನಿಮಗೆಲ್ಲ ಗೊತ್ತಿರುವ ಕಾಗದವೇ. ಮೇಲೆ ಸತ್ತವರ ಹೆಸರು, ಕೆಳಗೆ ಗೆರೆ ಎಳೆದು ಮಕ್ಕಳು. ನಮ್ಮ ಕಾಗದದಲ್ಲಿ ಎರಡೇ ಗೆರೆ, ಅಪ್ಪ ಮತ್ತು ಚಿಕ್ಕಪ್ಪ. ಅತ್ತೆಯ ಹೆಸರು ಬರೆದರೆ ಅವಳ ಮಕ್ಕಳ ಸಹಿ ಬೇಕಾಗುತ್ತದೆ, ಆಮೇಲೆ ಪಾಲು ಅನ್ನುತ್ತಾರೆ ಅಂತ ಹಿರಿಯರು ಕೂತು ಬಿಡಿಸಿದರಂತೆ. ಸತ್ತವಳು ಅಂತ ಕೂಡ ಬರೆಯಲಿಲ್ಲ. ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಮಾಡಿದರು. ಅತ್ತೆ ಮನೆಯವರಿಗೆ ಇದು ಗೊತ್ತಾದ ಮೇಲೆ ಹಬ್ಬ ಹುಣ್ಣಿಮೆಗೂ ಕರೆಯುವುದು ನಿಂತಿತು.

"ಏನಾಗಿತ್ತಪ್ಪ ಅತ್ತೆಗೆ?" ಅಂತ ಕೇಳಿದೆ.

"ಎದೆ ಹುಣ್ಣು ಅಂತಿದ್ರು" ಅಂದ.

ಅಕ್ಕನ ಎರಡನೇ ಕೀಮೋ ಆದ ವಾರ ನಾನೂ ಅಪ್ಪನೂ ಅತ್ತೆಯ ಊರಿಗೆ ಹೋದೆವು. ಸುಮಾರು ಇಪ್ಪತ್ತೈದು ವರ್ಷದ ಮೇಲೆ ಅಪ್ಪ ಆ ಬಾಗಿಲು ತುಳಿದಿದ್ದು. ಅತ್ತೆಯ ಮಗಳು, ನನಗೆ ಅತ್ತಿಗೆಯಾಗಬೇಕು, ಅದೇ ಊರಿನಲ್ಲೇ ಮದುವೆಯಾಗಿ ಇದ್ದಾಳೆ. ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು ಎದ್ದಳು. ಕಾಲಿಗೆ ನೀರು ಕೊಟ್ಟಳು. ಚಾಪೆ ಹಾಸಿದಳು. ಆಮೇಲೆ ನಿಂತುಕೊಂಡೇ ಕೇಳಿದಳು.

"ಏನ್ ಮಾವ, ಸಹಿ ಹಾಕಿಸ್ಕೊಳಕ್ ಬಂದ್ರಾ?"

ಅಪ್ಪನ ತಲೆ ಬಗ್ಗಿತು. ಬೇರೆಯವರ ಮನೆಯಲ್ಲಾಗಿದ್ದರೆ ಎದ್ದು ಹೊರಟುಬಿಡುತ್ತಿದ್ದ. ನಾನೇ ಅಕ್ಕನ ವಿಷಯ ಹೇಳಿದೆ. ಅತ್ತಿಗೆ ಕೂತಳು. ಅವಳ ಕೈ ತಾನಾಗಿಯೇ ಸೆರಗಿನ ಮೇಲೆ ಹೋಯಿತು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನಂಗಾಗ ಹನ್ನೆರಡು. ಅವ್ವ ಯಾರಿಗೂ ತೋರುಸ್ಲಿಲ್ಲ, ನಾಚ್ಕೆ. ವಾಸ್ನೆ ಬರಕ್ ಶುರುವಾದ್ಮೇಲೆ ಗೊತ್ತಾಯ್ತು. ಸೊಪ್ಪು ಅರೆದು ಕಟ್ತಿದ್ರು. ಒಳಕೋಣೇಲಿ ಮಲುಗ್ಸಿದ್ರು. ನಾನು ಊಟ ಕೊಡಕ್ ಹೋದ್ರೆ, ಒಳಗ್ ಬರಬ್ಯಾಡ, ನಿಂಗೂ ಅಂಟ್ಕೊಂಡಾತು ಅನ್ನೋಳು."

ಅಂಟುವ ಕಾಯಿಲೆ ಅಲ್ಲ ಅದು. ಆದರೆ ಅತ್ತೆ ಹೆದರಿದ್ದರಲ್ಲಿ ಬೇರೆ ಬಗೆಯ ನಿಜ ಇತ್ತು. ಅದು ನಮಗೆ ಆರು ವಾರ ಬಿಟ್ಟು ಗೊತ್ತಾಯಿತು.

ಹೊರಡುವ ಮುಂಚೆ ಅತ್ತಿಗೆ ಇನ್ನೊಂದು ಮಾತು ನೆನಪಿಸಿಕೊಂಡಳು. ನಮ್ಮ ಅಜ್ಜನ ತಂಗಿಯೊಬ್ಬಳು ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ತುಂಬಿದ ಬಸುರಿಯ ಹಾಗೆ ಕಾಣುತ್ತಾ ಸತ್ತಳಂತೆ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಆಗ ಮಾತಾಗಿತ್ತಂತೆ.

ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲರ್ ಮುಂದಿಟ್ಟೆ. ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವ ಕೆಲಸ ಅವರದು. ಆ ಹುಡುಗಿಗೆ ನನ್ನಷ್ಟೇ ವಯಸ್ಸು. ಒಂದು ಬಿಳಿ ಹಾಳೆ ತೆಗೆದುಕೊಂಡು ಅವಳೂ ವಂಶವೃಕ್ಷವನ್ನೇ ಬರೆದಳು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಸತ್ತವರ ಮೇಲೆ ಅಡ್ಡಗೆರೆ. ಕ್ಯಾನ್ಸರ್ ಬಂದವರ ದುಂಡಿಗೆ ಮಸಿ ತುಂಬುವುದು. ಅಕ್ಕನ ದುಂಡಿಗೆ ತುಂಬಿದಳು. ಅತ್ತೆಯ ದುಂಡಿಗೆ ತುಂಬಿದಳು. ಅಜ್ಜನ ತಂಗಿಯ ದುಂಡಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಹೊಟ್ಟೆಯಲ್ಲಿ ನೀರು ತುಂಬುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಆದರೆ ಅಂಡಾಶಯದ ಕ್ಯಾನ್ಸರ್ ಕೊನೆಕೊನೆಗೆ ಹೀಗೇ ಕಾಣುತ್ತದೆ ಅಂದಳು. ಎರಡು ದುಂಡಿನ ನಡುವೆ ಒಂದು ಖಾಲಿ ಚೌಕ ಉಳಿಯಿತು. ಅದು ಅಪ್ಪ.

ನಾಡಕಚೇರಿಯ ಮರದಲ್ಲಿ ಬರೀ ಚೌಕಗಳೇ ಇದ್ದವಲ್ಲ ಅಂತ ನನಗೆ ಆಗ ಅನ್ನಿಸಿತು.

ಹೀಗೆ ಮರ ಬರೆಯುವುದು ಹೊಸದೇನಲ್ಲವಂತೆ. ಫ್ರಾನ್ಸಿನ ಪಾಲ್ ಬ್ರೋಕಾ ಅನ್ನುವ ವೈದ್ಯ ತನ್ನ ಹೆಂಡತಿಯ ಮನೆತನದ ನಾಲ್ಕು ತಲೆಮಾರುಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರ ಲೆಕ್ಕ ಹಾಕಿ 1866ರಲ್ಲೇ ಅಚ್ಚು ಮಾಡಿಸಿದ್ದ. ಆದರೆ ವಂಶದಲ್ಲಿ ಯಾವುದು ಇಳಿದು ಬರುತ್ತಿದೆ ಅನ್ನುವುದು ನೂರಿಪ್ಪತ್ತು ವರ್ಷ ಕಳೆದರೂ ಸಿಕ್ಕಿರಲಿಲ್ಲ. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಅನ್ನುವ ಹೆಂಗಸು ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬಂದವರ ಕುಟುಂಬಗಳನ್ನು ಹಿಡಿದು ವರ್ಷಗಟ್ಟಲೆ ಹುಡುಕಿದರು. ಒಂದೇ ಜೀನಿನಿಂದ ಇಂಥ ಕಾಯಿಲೆ ಬರುವುದು ಸಾಧ್ಯವಿಲ್ಲ ಅಂತ ಬಹಳ ವಿಜ್ಞಾನಿಗಳು ನಂಬಿದ್ದ ಕಾಲ ಅದು. 1990ರಲ್ಲಿ ಕಿಂಗ್ ಅವರು ಅದು 17ನೇ ಕ್ರೋಮೋಸೋಮಿನ ಮೇಲಿದೆ ಅಂತ ತೋರಿಸಿದರು. 1994ರಲ್ಲಿ ಆ ಜೀನನ್ನೇ ಬೇರ್ಪಡಿಸಿ ಓದಿದ್ದಾಯಿತು. ಅದರ ಹೆಸರು ಬಿಆರ್‌ಸಿಎ-1. ಮಾರನೇ ವರ್ಷ ಬಿಆರ್‌ಸಿಎ-2 ಸಿಕ್ಕಿತು.

ಓದಿದ ಕಂಪನಿ ಅದಕ್ಕೆ ಪೇಟೆಂಟ್ ಮಾಡಿಸಿಕೊಂಡಿತ್ತು. ನಮ್ಮ ಮೈಯೊಳಗಿನ ಜೀನಿಗೆ! ಅಮೆರಿಕದಲ್ಲಿ ಆ ಪರೀಕ್ಷೆ ಮಾಡಿಸಬೇಕಾದರೆ ಅವರ ಹತ್ತಿರವೇ ಹೋಗಬೇಕಿತ್ತು, ಮೂರು ಸಾವಿರ ಡಾಲರಿಗೂ ಮೇಲೆ. 2013ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ರಕೃತಿಯಲ್ಲಿರುವ ಜೀನ್ ಯಾರ ಸ್ವತ್ತೂ ಅಲ್ಲ ಅಂತ ತೀರ್ಪು ಕೊಟ್ಟಿತು. ಆಮೇಲೆ ಬೇರೆ ಲ್ಯಾಬುಗಳೂ ಪರೀಕ್ಷೆ ಶುರುಮಾಡಿ ಬೆಲೆ ಇಳಿಯಿತು. ಅಕ್ಕನ ಪರೀಕ್ಷೆಗೆ ನಾವು ಕೊಟ್ಟಿದ್ದು ಹದಿನೆಂಟು ಸಾವಿರ, ಆಗಿನ ರೇಟಿನಲ್ಲಿ ಎರಡು ಕ್ವಿಂಟಲ್ ಕೊಬ್ಬರಿ. ಕೀಮೋ ಕಾರ್ಡಿನಲ್ಲಿ ಆಯಿತು, ಇದನ್ನು ಮಾತ್ರ ಕೈಯಿಂದ ಕಟ್ಟಿದೆವು. ಒಂದು ಸಣ್ಣ ಕೊಳವೆ ರಕ್ತ ತೆಗೆದುಕೊಂಡರು, ಅಷ್ಟೇ.

ನಾಲ್ಕು ವಾರಕ್ಕೆ ಉತ್ತರ ಬಂತು. ಈ ಸಲ ಪಾಸಿಟಿವ್ ಅಂತ ಬರೆದಿತ್ತು. ಬಿಆರ್‌ಸಿಎ-1.

ಆ ಜೀನಿನಲ್ಲಿ ಸಾವಿರಾರು ಅಕ್ಷರಗಳ ಬರಹ ಇದೆ. ಅಕ್ಕನದರಲ್ಲಿ ಶುರುವಿನ ಹತ್ತಿರವೇ ಎರಡು ಅಕ್ಷರ ಬಿಟ್ಟುಹೋಗಿದೆ, ಒಂದು ಎ, ಒಂದು ಜಿ. ಎರಡೇ ಅಕ್ಷರಕ್ಕೆ ಇಷ್ಟೊಂದಾ ಅಂತ ಭಾವ ಕೇಳಿದರು. ಪಹಣಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಮೂರು ವರ್ಷ ತಾಲ್ಲೂಕು ಕಚೇರಿಗೆ ಅಲೆದವರು ಅವರೇ, ಆದರೂ ಕೇಳಿದರು. ಜೀನಿನ ಬರಹವನ್ನು ಮೂರು ಮೂರು ಅಕ್ಷರ ಸೇರಿಸಿ ಓದುತ್ತಾ ಹೋಗಬೇಕು. ಎರಡು ಬಿಟ್ಟುಹೋದರೆ ಅಲ್ಲಿಂದ ಮುಂದಿನದೆಲ್ಲ ಹೊಂದಿಕೆ ತಪ್ಪಿ ಅರ್ಥವಿಲ್ಲದ್ದಾಗುತ್ತದೆ. ಇದೇ ಎರಡಕ್ಷರದ ತಪ್ಪು ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ ಹೆಚ್ಚು ಕಾಣುವಂಥದ್ದು. ದಕ್ಷಿಣ ಭಾರತದ ಕುಟುಂಬಗಳಲ್ಲೂ ಮತ್ತೆ ಮತ್ತೆ ಸಿಕ್ಕಿದೆ.

ಬಿಆರ್‌ಸಿಎ-1ರ ಕೆಲಸ ರಿಪೇರಿ. ನಮ್ಮ ಕೋಶಗಳ ಒಳಗಿನ ಡಿಎನ್‌ಎ ದಿನವೂ ಅಲ್ಲಿ ಇಲ್ಲಿ ತುಂಡಾಗುತ್ತಲೇ ಇರುತ್ತದೆ, ಅದನ್ನು ಸರಿಯಾಗಿ ಜೋಡಿಸುವ ಮೆಕ್ಯಾನಿಕ್ ಈ ಜೀನು. ನಮಗೆಲ್ಲ ಇಂಥ ಇಬ್ಬರು ಮೆಕ್ಯಾನಿಕ್, ಅವ್ವನಿಂದ ಒಬ್ಬ, ಅಪ್ಪನಿಂದ ಒಬ್ಬ. ಅಕ್ಕನಿಗೆ ಹುಟ್ಟುವಾಗಲೇ ಒಬ್ಬ ಕೆಲಸಕ್ಕೆ ಬಾರದವನು. ಇನ್ನೊಬ್ಬ ಇದ್ದಾನಲ್ಲ, ಮೂವತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಯಾವುದೋ ಒಂದು ಕೋಶದಲ್ಲಿ ಅವನೂ ಕೈಕೊಟ್ಟ ದಿನ ತಪ್ಪುಗಳು ಸೇರಿಕೊಳ್ಳುವುದಕ್ಕೆ ಶುರು.

ಈ ಜೀನ್ ಕೆಟ್ಟಿರುವ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂದರೆ ಹತ್ತರಲ್ಲಿ ಸುಮಾರು ಏಳು ಜನರಿಗೆ ಬರುವುದು ಅಕ್ಕನಿಗೆ ಬಂದ ಆ ಮೂರು ನೆಗೆಟಿವ್‌ನ ಜಾತಿಯೇ. ಬಿಆರ್‌ಸಿಎ-2 ಕೆಟ್ಟಿದ್ದರೆ ಹಾಗಲ್ಲ, ಹೆಚ್ಚಾಗಿ ಹಾರ್ಮೋನಿನ ಜಾತಿ ಬರುತ್ತದೆ. ಬಿಆರ್‌ಸಿಎ-1 ಕೆಟ್ಟಿರುವವರಲ್ಲಿ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 72, ಅಂಡಾಶಯದ್ದು ಸುಮಾರು 44. ಈ ಲೆಕ್ಕ ಹೆಚ್ಚಾಗಿ ಯುರೋಪ್, ಅಮೆರಿಕ, ಆಸ್ಟ್ರೇಲಿಯಾದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ತೆಗೆದದ್ದು.

ಇಲ್ಲಿ ನಿಲ್ಲಿಸಿ ಒಂದು ಮಾತು. ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ನೂರು ಜನರಿಗೆ ಸ್ತನ ಕ್ಯಾನ್ಸರ್ ಬಂದರೆ ಐದರಿಂದ ಹತ್ತು ಜನರದು ಮಾತ್ರ ಹೀಗೆ ವಂಶದಿಂದ ಬಂದದ್ದು. ಮೂರು ನೆಗೆಟಿವ್ ಇರುವವರಲ್ಲೂ ಬಿಆರ್‌ಸಿಎ ಕೆಟ್ಟಿರುವುದು ಹತ್ತಕ್ಕೆ ಒಬ್ಬರಿಗೆ, ಸ್ವಲ್ಪ ಹೆಚ್ಚು ಇರಬಹುದು. ಪಾಲ್ಬಿ-2, ಬಾರ್ಡ್-1, ರ್‍ಯಾಡ್-51ಸಿ ಅಂತ ಇನ್ನೂ ಕೆಲವು ಜೀನುಗಳಿವೆ, ಅವೂ ರಿಪೇರಿ ಗುಂಪಿನವೇ. ಇವಲ್ಲದೆ ಹಾರ್ಮೋನ್ ರಿಸೆಪ್ಟರ್ ಇಲ್ಲದ ಈ ಜಾತಿಯ ಸಾಧ್ಯತೆಯನ್ನು ತುಸುತುಸುವೇ ಹೆಚ್ಚು ಕಡಿಮೆ ಮಾಡುವ ಸಣ್ಣ ಸಣ್ಣ ವ್ಯತ್ಯಾಸಗಳು ನಮ್ಮೆಲ್ಲರ ಮೈಯಲ್ಲೂ ಇವೆ. ಅವು ಒಂದೊಂದಾಗಿ ಪತ್ತೆಯಾಗುತ್ತಿವೆ. ಒಂದೊಂದನ್ನೇ ಹಿಡಿದು ಯಾರಿಗೆ ಬರುತ್ತದೆ ಅಂತ ಹೇಳಲು ಆಗುವುದಿಲ್ಲ.

ಯಾರು ಪರೀಕ್ಷೆಯ ಬಗ್ಗೆ ಕೇಳಬೇಕು ಅಂದರೆ, 50ರೊಳಗೆ ಸ್ತನ ಕ್ಯಾನ್ಸರ್ ಬಂದವರು, ಮೂರು ನೆಗೆಟಿವ್ ಇರುವವರು, ಅಂಡಾಶಯದ ಕ್ಯಾನ್ಸರ್ ಬಂದವರು, ಒಂದೇ ರಕ್ತದಲ್ಲಿ ಇಬ್ಬರು ಮೂವರಿಗೆ ಬಂದ ಮನೆಯವರು. ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರಂತೂ ಖಂಡಿತ ಕೇಳಬೇಕು. ಹೌದು, ಗಂಡಸರಿಗೂ ಬರುತ್ತದೆ, ಅಪರೂಪ. ಕ್ಯಾನ್ಸರ್ ಬಂದವರು ಬದುಕಿದ್ದರೆ ಮೊದಲು ಅವರಿಗೇ ಮಾಡಿಸುವುದು ಒಳ್ಳೆಯದು. ಅವರಲ್ಲಿ ತಪ್ಪು ಎಲ್ಲಿದೆ ಅಂತ ಸಿಕ್ಕಿದರೆ ಉಳಿದವರಿಗೆ ಆ ಒಂದು ಜಾಗ ನೋಡಿದರೆ ಸಾಕು, ಖರ್ಚೂ ಕಡಿಮೆ. ಮತ್ತೆ, ಪರೀಕ್ಷೆ ಯಾವಾಗಲೂ ಹೌದು ಇಲ್ಲ ಅಂತಲೇ ಹೇಳುವುದಿಲ್ಲ. ಏನೋ ಬದಲಾವಣೆ ಇದೆ, ಅದರಿಂದ ತೊಂದರೆ ಇದೆಯೋ ಇಲ್ಲವೋ ತಿಳಿಯದು ಅಂತಲೂ ಬರಬಹುದು. ನಮ್ಮ ಜನರ ಜೀನುಗಳನ್ನು ಓದಿಟ್ಟಿರುವುದು ಕಡಿಮೆ, ಹಾಗಾಗಿ ನಮಗೆ ಇಂಥ ಉತ್ತರ ಜಾಸ್ತಿ. ಹಾಗೆ ಬಂದರೆ ಅದನ್ನು ನಂಬಿ ಆಪರೇಷನ್‌ಗೆ ಓಡಬಾರದು ಅಂತ ಆ ಹುಡುಗಿ ಒತ್ತಿ ಹೇಳಿದಳು.

ಅಕ್ಕನ ಉತ್ತರ ಬಂದ ಮೇಲೆ ಅಪ್ಪನಿಗೂ ನನಗೂ ಅವ್ವನಿಗೂ ರಕ್ತ ತೆಗೆದರು. ಅವ್ವನಿಗೆ ಇರಲಿಲ್ಲ. ಅಪ್ಪನಿಗೆ ಇತ್ತು. ನನಗೂ ಇತ್ತು.

ಅಪ್ಪ ರಿಪೋರ್ಟನ್ನು ಓದಲಿಲ್ಲ, ಮಡಚಿ ಜೇಬಿನಲ್ಲಿಟ್ಟುಕೊಂಡ. ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು, "ಹಂಗಾದ್ರೆ ನಾನೇ ಕೊಟ್ನಾ ಮಗೀಗೆ?" ಅಂತ ಕೇಳಿದ. ಅಕ್ಕನಿಗೆ ಆಗ ತಲೆಯಲ್ಲಿ ಒಂದು ಕೂದಲಿರಲಿಲ್ಲ, ಟವೆಲ್ ಸುತ್ತಿಕೊಂಡಿದ್ದಳು. ಅವಳೇ ಪಕ್ಕದಲ್ಲಿ ಕೂತು, "ಮೂಗೂ ನೀನೇ ಕೊಟ್ಟಿದ್ದಲ್ವಾ, ಅದುನ್ನ ಕೇಳಿದ್ನಾ?" ಅಂದಳು. ಅಪ್ಪನ ಮೂಗು ನಮ್ಮ ಮನೆಯಲ್ಲಿ ಹಳೆಯ ತಮಾಷೆ. ಅಪ್ಪ ನಗಲಿಲ್ಲ.

ಗಂಡಸರಿಗೆ ಈ ಜೀನಿನಿಂದ ಅಷ್ಟಾಗಿ ಕಾಯಿಲೆ ಬರುವುದಿಲ್ಲ. ಸ್ತನ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಒಂದರಷ್ಟು, ಪ್ರಾಸ್ಟೇಟ್ ಕಡೆ ಸ್ವಲ್ಪ ಕಣ್ಣಿಡಬೇಕು. ಆದರೆ ಹುಟ್ಟುವ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಇದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. ಗಂಡಸಿನ ಮೈಯಲ್ಲಿ ಸದ್ದಿಲ್ಲದೆ ಕೂತಿದ್ದು ಮಗಳ ಮೈಯಲ್ಲಿ ಏಳುತ್ತದೆ. ಒಂದೇ ತಲೆಮಾರಿನಲ್ಲಿ ಗಂಡುಮಕ್ಕಳೇ ಇದ್ದುಬಿಟ್ಟರೆ ಕಾಯಿಲೆ ಮನೆ ಬಿಟ್ಟುಹೋದಂತೆ ಕಾಣುತ್ತದೆ. ಹೆಣ್ಣುಮಕ್ಕಳನ್ನು ಕೊಟ್ಟ ಮನೆಯಲ್ಲಿ ಅವರು ಸತ್ತರೆ ಅದು ಆ ಮನೆಯ ಸಾವು, ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತರುವುದೂ ಇದೆಯಲ್ಲ, ಆಗ ಎರಡೂ ಕಡೆಯಿಂದ ಬರುವುದಕ್ಕೆ ದಾರಿಯಾಗುತ್ತದೆ.

ಆ ವರ್ಷ ನನಗೆ ಚಿಕ್ಕನಾಯಕನಹಳ್ಳಿ ಕಡೆಯ ಒಂದು ಸಂಬಂಧ ಬಂದಿತ್ತು. ಹೇಳಬೇಡ ಅಂತ ಅಪ್ಪ ಅಂದ, ಭಾವನೂ ಅಂದರು. ಹುಡುಗಿಗೆ ನಾನೇ ಫೋನಿನಲ್ಲಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಳು. ಆಮೇಲೆ ಫೋನ್ ಬರಲಿಲ್ಲ. ಅವಳ ತಪ್ಪು ಅಂತ ನಾನು ಅನ್ನುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಮನೆಗೆ ಹೆಣ್ಣು ಕೊಡುವಾಗ ಯಾರೂ ಇಷ್ಟು ಯೋಚಿಸುವುದಿಲ್ಲ, ಅದಂತೂ ನಿಜ.

ಅಕ್ಕನಿಗೆ ಆರು ತಿಂಗಳು ಕೀಮೋ ಆಯಿತು. ಕೆಂಪು ಔಷಧಿ ಮುಗಿದ ಮೇಲೆ ಬೇರೆ. ಆಮೇಲೆ ಆಪರೇಷನ್. ತೆಗೆದ ಭಾಗವನ್ನು ಪರೀಕ್ಷೆ ಮಾಡಿದಾಗ ಗಡ್ಡೆಯ ಒಂದು ಜೀವಕೋಶವೂ ಉಳಿದಿರಲಿಲ್ಲ. ಡಾಕ್ಟರಮ್ಮ ಅವತ್ತು ನಕ್ಕಿದ್ದನ್ನು ಮೊದಲ ಸಲ ನೋಡಿದೆವು. ಗಡ್ಡೆ ಉಳಿದಿದ್ದರೆ ಓಲಾಪರಿಬ್ ಅನ್ನುವ ಮಾತ್ರೆ ಕೊಡುತ್ತಿದ್ದರಂತೆ, ಬಿಆರ್‌ಸಿಎ ಕೆಟ್ಟಿರುವವರಿಗೇ ಅಂತ ಬಂದ ಔಷಧಿ, 2018ರಿಂದ ಸ್ತನ ಕ್ಯಾನ್ಸರಿಗೂ ಕೊಡುತ್ತಿದ್ದಾರೆ. ಮೆಕ್ಯಾನಿಕ್ ಇಲ್ಲದ ಕ್ಯಾನ್ಸರ್ ಕೋಶಕ್ಕೆ ಉಳಿದಿರುವ ಇನ್ನೊಂದು ರಿಪೇರಿ ದಾರಿಯನ್ನೂ ಮುಚ್ಚಿಬಿಡುತ್ತದೆ ಅದು. ದುಬಾರಿ. ಅಕ್ಕ ಇನ್ನೊಂದು ಕಡೆಯ ಸ್ತನವನ್ನೂ ತೆಗೆಸಿದಳು, ಆಮೇಲೆ ಅಂಡಾಶಯವನ್ನೂ. ಅದು ಅವಳ ತೀರ್ಮಾನ. ಎಲ್ಲರೂ ಹಾಗೇ ಮಾಡಬೇಕಂತಿಲ್ಲ.

ಇದೆಲ್ಲದರ ನಡುವೆ ಅತ್ತಿಗೆಗೆ ಫೋನ್ ಮಾಡಬೇಕಿತ್ತು. ಮಾಡಿದೆ. "ನಿನ್ನ ತಾಯಿಗೂ ಇದೇ ಇತ್ತು ಅನ್ಸತ್ತೆ ಅತ್ತಿಗೆ, ನಿನಗೂ ಇರಬಹುದು, ಅರ್ಧಕ್ಕರ್ಧ" ಅಂದೆ. ಬಹಳ ಹೊತ್ತು ಸದ್ದಿಲ್ಲ. ಹಿಂದೆ ಹಸು ಕೂಗುವುದು ಕೇಳುತ್ತಿತ್ತು. "ಪಾಲು ಕೊಡ್ಲಿಲ್ಲ, ಇದೊಂದ್ ಕೊಟ್ರಾ ನಿಮ್ ಮನೆಯೋರು?" ಅಂದಳು. ಅದು ಸಿಟ್ಟೋ ತಮಾಷೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮುಂದಿನ ವಾರ ಗಂಡನನ್ನು ಕರೆದುಕೊಂಡು ಬೆಂಗಳೂರಿಗೆ ಬಂದಳು.

ಅವಳಿಗೂ ಇತ್ತು. 39 ವರ್ಷ, ಇಬ್ಬರು ಮಕ್ಕಳು. ಅಂಡಾಶಯದ ಕ್ಯಾನ್ಸರನ್ನು ಬೇಗ ಕಂಡುಹಿಡಿಯುವ ನಂಬಿಕೆಯ ಪರೀಕ್ಷೆ ಇಲ್ಲ, ಹಾಗಾಗಿ ಬಿಆರ್‌ಸಿಎ-1 ಇದ್ದವರಿಗೆ ಮಕ್ಕಳಾದ ಮೇಲೆ 35ರಿಂದ 40ರೊಳಗೆ ಅಂಡಾಶಯ, ನಾಳ ತೆಗೆಸಿ ಅನ್ನುತ್ತಾರೆ. ಅವಳು ತೆಗೆಸಿದಳು. ಸ್ತನ ತೆಗೆಸಲು ಒಪ್ಪಲಿಲ್ಲ, ವರ್ಷಕ್ಕೊಂದು ಎಂಆರ್‌ಐ, ಒಂದು ಮ್ಯಾಮೋಗ್ರಾಂ ಮಾಡಿಸುತ್ತಾಳೆ. ಕಳೆದ ಎರಡು ಸಲವೂ ಏನೂ ಇಲ್ಲ. ಅವಳ ಮಗಳಿಗೆ ಹನ್ನೊಂದು, ಅಕ್ಕನ ಮಗಳಿಗೆ ಒಂಬತ್ತು. ಮಕ್ಕಳಿಗೆ ಈ ಪರೀಕ್ಷೆ ಮಾಡುವುದಿಲ್ಲ. 18 ತುಂಬಿದ ಮೇಲೆ ಅವರೇ ತೀರ್ಮಾನ ಮಾಡಿಕೊಳ್ಳಬೇಕು.

ಉಳಿದದ್ದು ಚಿಕ್ಕಪ್ಪ. ಅವನಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, 24 ಮತ್ತು 21. ಅಪ್ಪ ಹೋಗಿ ಹೇಳಿದ, ನಾನು ಹೋಗಿ ಹೇಳಿದೆ. ಅಪ್ಪ ಮತ್ತೆ ಅತ್ತೆ ಮನೆಗೆ ಹೋಗಿಬಂದು ಮಾಡುವುದು ನೋಡಿ ಚಿಕ್ಕಪ್ಪನ ತಲೆಯಲ್ಲಿ ಬೇರೆಯೇ ಲೆಕ್ಕ. "ರಕ್ತ ಪರೀಕ್ಷೆ ಅಂತ ಮಾಡ್ಸಿ, ಅವಳು ನಮ್ಮಪ್ಪನ ಮಗಳು ಅಂತ ಪ್ರೂಫ್ ಮಾಡಿ ಕೋರ್ಟಿಗ್ ಹಾಕ್ತಾರೆ" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಅಪ್ಪ ಹೊಸ ವಂಶವೃಕ್ಷಕ್ಕೆ ಅತ್ತೆಯ ಹೆಸರು ಸೇರಿಸಿ ಅರ್ಜಿ ಕೊಟ್ಟಿದ್ದಾನೆ ಅನ್ನುವುದೂ ನಿಜವೇ. ಚಿಕ್ಕಪ್ಪ ತಕರಾರು ಹಾಕಿದ್ದಾನೆ, ಅರ್ಜಿ ಅಲ್ಲೇ ಕೂತಿದೆ. ಅಪ್ಪ ಎರಡನ್ನೂ ಒಟ್ಟಿಗೆ ಮಾಡಬಾರದಿತ್ತು ಅಂತ ನನಗೆ ಅನ್ನಿಸುತ್ತದೆ. ಅವನಿಗೆ ಹೇಳಿದರೆ, "ಅದ್ ಬೇರೆ ಇದ್ ಬೇರೆ ಅಂತ ಹೆಂಗ್ ಹೇಳ್ತೀಯ?" ಅನ್ನುತ್ತಾನೆ.

ಇದನ್ನು ಬರೆಯಲಾ ಅಂತ ಅಕ್ಕನನ್ನೂ ಅತ್ತಿಗೆಯನ್ನೂ ಕೇಳಿದೆ. ಬರಿ, ಹೆಸರು ಊರು ಬೇಡ ಅಂದರು. ಬರೆಯುವ ಮುಂಚೆ ಚಿಕ್ಕಪ್ಪನ ದೊಡ್ಡ ಮಗಳಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ನಮ್ಮ ಈ ಪುಟವನ್ನು ಅವಳು ಓದುತ್ತಾಳೆ, ಇನ್ನೊಬ್ಬರಿಂದ ತಿಳಿಯುವುದು ಬೇಡ ಅನ್ನಿಸಿತು. ಅವಳು ಒಂದೇ ಪ್ರಶ್ನೆ ಕೇಳಿದಳು.

"ಅಣ್ಣ, ಅಪ್ಪ ಮಾಡಿಸ್ಕೊಳ್ದೇ ಇದ್ರೆ ನಾನ್ ಒಬ್ಳೇ ಮಾಡಿಸ್ಕೊಬೋದಾ?"

ಮಾಡಿಸಿಕೊಳ್ಳಬಹುದು. ಎಲ್ಲಿ ನೋಡಬೇಕು ಅಂತ ಗೊತ್ತಿರುವುದರಿಂದ ಚಿಕ್ಕಪ್ಪನ ರಕ್ತ ಬೇಕಿಲ್ಲ, ಅವನ ಸಹಿಯೂ ಬೇಕಿಲ್ಲ. ಅಕ್ಕನ ರಿಪೋರ್ಟಿನ ಜೆರಾಕ್ಸ್ ಸಾಕು. ಒಂದು ವೇಳೆ ಇದ್ದರೆ 25ರಿಂದ ವರ್ಷಕ್ಕೊಂದು ಎಂಆರ್‌ಐ. ಇಲ್ಲದಿದ್ದರೆ ಎಲ್ಲ ಹೆಂಗಸರಿಗೆ ಇರುವಷ್ಟೇ ಭಯ, ಅದಕ್ಕಿಂತ ಹೆಚ್ಚಿಲ್ಲ.

ಗುರುವಾರ ಅವಳಿಗೆ ರಜೆ. ಬೆಳಗಿನ ಟ್ರೈನಿಗೆ ತಿಪಟೂರಿನಲ್ಲಿ ಹತ್ತುತ್ತಾಳೆ, ನಾನು ತುಮಕೂರಿನಲ್ಲಿ ಹತ್ತಿಕೊಳ್ಳುತ್ತೇನೆ. ತಂಗಿಯನ್ನೂ ಕರೆದುಕೊಂಡು ಬರಲಾ ಅಂತ ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದಾಳೆ.